ಸೊನ್ನಿ ಬ್ಯಾರೆ, ಗೆರಿ ಬ್ಯಾರೆ

ಕಲಬುರಗಿ ಗಂಜ್ ಹಿಂದಿನ ಗಲ್ಲಿ,
ಅಡತಿ ಅಂಗಡಿ ಮ್ಯಾಲಿನ ಖೋಲಿ.
ಕೆಳಗ ತೊಗರಿ ಸುರಿಯೋ ಸಪ್ಪಳ, ಮ್ಯಾಲ ನನ್ನ ಕೀಬೋರ್ಡ್.
ನಡುವ ಶಹಾಬಾದ್ ಫರಸಿ.
ಧೂಳಿಗೆ ಅದು ಲೆಕ್ಕಕ್ಕಿಲ್ಲ.

ಇವತ್ತ ಎಷ್ಟು ತೊಗರಿ ಬಂತು?
ನಮ್ಮ ಆ್ಯಪಿನ ಮೊದಲ ಪರದೆ ಒಂದು ಹೇಳ್ತದ,
ವರದಿ ಪುಟ ಇನ್ನೊಂದು,
ಸಂಜಿಗೆ ಗಿರಣಿ ಮಾಲಕರಿಗೆ ಹೋಗೋ ಸಂದೇಶ ಮತ್ತೊಂದು.
ಒಂದು ಚೀಲ ಎಣಿಸಿತ್ತು, ಒಂದು ಕ್ವಿಂಟಲ್,
ಮೂರನೇದು ತಿರುಗಿ ಹೋದ ಲಾಟನ್ನೂ ಉಡಿಯಾಗ ಹಾಕ್ಕೊಂಡಿತ್ತು.
ಯಾವುದೂ ಸುಳ್ಳಲ್ಲ. ಅದೇ ತ್ರಾಸು.

ಹಗೇವಿಗೆ ಒಂದೇ ಬಾಯಿ ಇರಬೇಕು.
ನಾವು ಹದಿನೇಳು ಕೊರದಿದ್ದೆವು:
ಹದಿನೇಳು ಕಡೆ ಹದಿನೇಳು ಕ್ವೆರಿ,
ಯಾರಿಗೆ ಬೇಕಾದಾಗ ಅವರು ಕೈ ಇಳಿಬಿಟ್ಟು
ಸಿಕ್ಕಷ್ಟು ಬಾಚಿಕೊಂಡು ಹೋಗಿದ್ದರು.
ಅದರೊಳಗ ನಾಕು ನನ್ನವೇ.

ಹಳೇ ಮುನೀಮ ರೇವಣಸಿದ್ದಪ್ಪ
ಈಗ ಬರೇ ಚಹಾಕ್ಕ ಬರ್ತಾರ. ಬಸಿ ಮ್ಯಾಲ ಊದಿ ಅಂದರು:
“ನಮ್ಮ ಕಾಲಕ್ಕ ಖಾತೆಬುಕ್ಕ ಯಾರೂ ಮುಟ್ಟತಿದ್ದಿಲ್ಲ ತಂಗಿ,
ನನಗ ಕೇಳತಿದ್ದರು. ನಾ ಹೊಳ್ಳಿ ಕೇಳತಿದ್ದೆ,
ಯಾವ ತೊಗರಿ? ಚಾಳಣಿಗಿಂತ ಮೊದಲಿಂದೋ, ಆಮ್ಯಾಲಿಂದೋ?”

ಒಂದು ತಿಂಗಳು ಕುಂತು ನಾ ಅವರನ್ನೇ ಬರದೆ.
ಪರದೆಗೂ ಹಗೇವಿಗೂ ನಡುವ ಒಂದು ಗಾದಿ,
ಗಾದಿ ಮ್ಯಾಲ ಕುಂತು ಹೊಳ್ಳಿ ಕೇಳೋ ಕೋಡು.
‘ಆವಕ’ ಅಂತ ಒಂದು ಹೆಸರು.
ದಿನ ಕೊಡು, ಅಳತಿ ಕೊಡು;
ಕೊಡಲಿಲ್ಲಂದ್ರ ಬಾಯಿ ಬಿಡೂದಿಲ್ಲ.
ಹಗೇವಿಗೆ ಇಳಿಯೂ ಮೊದಲು ದೀಪ ಇಳಿಸಿ ನೋಡತಾರಲ್ಲ,
ಹಂಗ ಹಳೇ ವರ್ಷದ ಲೆಕ್ಕ ಇಳಿಸಿ ನೋಡಿದೆ.
ದೀಪ ಆರಲಿಲ್ಲ.
ಹದಿನಾರು ಬಾಯಿಗೆ ಮಣ್ಣು ಮೆತ್ತಿದೆ.

ಮೂರು ಪರದೆ ಒಂದೇ ಮಾತು ಹೇಳಿದವು.
ಒಂಬತ್ತು ದಿನ.

ಹತ್ತನೇ ದಿನ ಅಮಾಸಿ. ಗಂಜ್ ಬಂದ್.
ನನ್ನ ಗ್ರಾಫು ಬಾವಿಗೆ ಹಾರಿದಂಗ ಸೊನ್ನಿಗೆ ಬಿತ್ತು.
ಆಳಂದದಿಂದ ಫೋನು, ಸೇಡಂದಿಂದ ಫೋನು:
“ಏನಾತವ್ವ, ತೊಗರಿನೇ ಮುಗೀತೇನು?”
ಮೂರೂ ಪರದೆ ಈಗ ಒಗ್ಗಟ್ಟಿಲೇ ತಪ್ಪು ಹೇಳಲಕತ್ತಿದ್ದವು.

ರೇವಣಸಿದ್ದಪ್ಪ ಬಟ್ಟಿ ಬಿಚ್ಚಿ ಹಳೇ ಖಾತೆ ತೆಗೆದರು.
ಅಮಾಸಿ ಸಾಲಿನ್ಯಾಗ ಕೆಂಪು ಮಸಿ, ಅಡ್ಡ ಗೆರಿ.
“ಸೊನ್ನಿ ಅಂದ್ರ, ಬಾಗಿಲಾ ತೆರದು ಕುಂತೆವು, ಯಾರೂ ಬರಲಿಲ್ಲ.
ಗೆರಿ ಅಂದ್ರ, ಬಾಗಿಲಾನೇ ತೆರೀಲಿಲ್ಲ.
ಎರಡೂ ಒಂದೇ ಅಂತ ನಿನಗ ಯಾರು ಕಲಿಸಿದರು?”

ಯಾರೂ ಕಲಿಸಿದ್ದಿಲ್ಲ. ಇಲ್ಲದ್ದನ್ನ ಕಂಡರ ಹೆದರಿಕಿ;
ಖಾಲಿ ಬಂದಲ್ಲೆಲ್ಲಾ ಸೊನ್ನಿ ತುಂಬು ಅಂತ
ನಾನೇ ಒಂದು ಸಾಲು ಬರದಿದ್ದೆ.
ತೆಗದೆ. ಗ್ರಾಫು ಅಮಾಸಿ ಹತ್ತಿರ ಹರಕೊಂಡು
ಆಚಿ ದಂಡಿಗೆ ಮತ್ತ ಸುರುವಾತು.

ಇಷ್ಟಕ್ಕೇ ಮುಗಿಸಬಹುದಿತ್ತು.

ಆದರ ಬಂದ ತೂಕಕ್ಕೂ ಹೋದ ತೂಕಕ್ಕೂ
ದಿನಾ ಸ್ವಲ್ಪು ಸ್ವಲ್ಪು ಫರಕು.
ಅದಕ್ಕೂ ಒಂದು ಹೆಸರಿಡೋಣಂತ ಕೂತೆ,
‘ಘಟ’ ಅಂತ ಅರ್ಧ ಬರದಿದ್ದೆ.
ಕಪ್ಪು ಒಯ್ಯಲಕ ಬಂದ ಜಗದೇವಿ ಪರದೆಗೆ ಬಗ್ಗಿದಳು,
ಸೊಂಟದ ಮ್ಯಾಲ ಮರ, ಮರದಾಗ
ಕಟ್ಟಿ ಕೆಳಗಿಂದ ಗುಡಿಸಿದ್ದು,
ಅರ್ಧ ಮಣ್ಣು, ಅರ್ಧ ತೊಗರಿ.
“ಇದರಾಗ ನಂದು ಎಲ್ಲಿ ಬರ್ತದ್ರೀ?”

ಇಲ್ಲಿ, ಅಂತ ತೋರಿಸಿದೆ. ಇನ್ನಾ ಬರೀಬೇಕು, ಅಂದೆ.
ನನಗ ಖುಷಿ ಇತ್ತು.
ಆಕಿ ನಕ್ಕಳು, ಕಣ್ಣು ಮಾತ್ರ ಬಾಗಿಲ ಕಡೆ:
“ಬ್ಯಾಡ ಬಿಡವ್ವ. ನೀ ಬರದಿ ಅಂದ್ರ
ಅವರು ಕಸಕೊಂತಾರ.”

ಹೊತ್ತು ಮುಳುಗೂತನಕ ಕುಂತೆ.
ಒಂದು ಮನಸು ಅಂತು, ಲೆಕ್ಕ ಅಂದ್ರ ಲೆಕ್ಕ.
ಇನ್ನೊಂದು ಏನೂ ಅನ್ನಲಿಲ್ಲ,
ಅಳಿಸೋ ಕೀಲಿ ಒತ್ತಿತು.

ಹೋಗೂ ಮುಂದ ಕೀಬೋರ್ಡ್ ಬೋರಲು ಹಾಕಿ ಬಡದೆ.
ಹೊಟ್ಟು, ಧೂಳು, ಅರ್ಧ ಬ್ಯಾಳಿ.
ಖಿಡಕಿ ತೆಗದು ಕೆಳಗ ಊದಿದೆ,
ಕಸಬರಗಿ ಸಪ್ಪಳ ಯಾವ ಕಡೆ ಅಂತ ನೋಡಿ.