ಗುರುವಾರದ ದಾರಿ

ಬ್ರಗಾನ್ಸದ ಆಸ್ಪತ್ರೆ ಬಿಟ್ಟಾಗ ಮೂರು ಗಂಟೆ.
ಎಷ್ಟು ತೊಳೆದರೂ ಮೀನಿನ ವಾಸನೆ ಬಿಡದ ಅದೇ ಬಿಳಿ ವ್ಯಾನು.
ನಿನ್ನ ಮಡಿಲಲ್ಲಿ ಮಾತ್ರೆಯ ಚೀಲ,
ಎದೆಗೆ ನಾನೇ ಬಿಗಿದ ಬೆಲ್ಟು.
ಐವತ್ತೆಂಟಕ್ಕೆ ಲೈಸೆನ್ಸು ಮಾಡಿಸಿದವಳು,
ಮೂರನೇ ಗೇರಿಗೆ ಹಾಕುವಾಗ ಇನ್ನೂ
ನಾಲಗೆ ಕಚ್ಚಿಕೊಳ್ಳುತ್ತೇನೆ.
ನೀನು ನೋಡಿದೆ, ನಗಲಿಲ್ಲ. ನಗು ಈಗ
ಮುಖದ ಒಂದೇ ಮಗ್ಗುಲಿಗೆ ಬರುತ್ತದೆ,
ಅದಕ್ಕೂ ಹೊತ್ತು ಬೇಕು.

ಸೇತುವೆಗೆ ಮೊದಲೇ ಪೊಲೀಸಿನ ಹುಡುಗ ಕೈ ಅಡ್ಡ ಹಿಡಿದ.
ಹುಬ್ಬಿನ ಮೇಲೆಲ್ಲ ಬೂದಿ.
"ಆಚೆ ಗುಡ್ಡ ಪೂರಾ ಉರಿಯುತ್ತಿದೆ ಅಮ್ಮ, ವಾಪಸು ಹೋಗಿ,
ಶಾಲೆಯಲ್ಲಿ ಮಂಚ ಹಾಕಿದ್ದಾರೆ."
ಗೋಪುರ ಸುಟ್ಟುಹೋಗಿ, ಫೋನಿನಲ್ಲಿ ನಮ್ಮ ಚುಕ್ಕಿ
ಬರೀ ಬಿಳುಪಿನ ನಡುವೆ ನಿಂತಿತ್ತು,
ಹಾಲಿಗೆ ಬಿದ್ದ ನೊಣದ ಹಾಗೆ.

ಹನ್ನೊಂದು ದಿನ ಮಂಚ ಹಿಡಿದವನಿಗೆ
ಇನ್ನೊಂದು ಮಂಚವೇ?
ತಿರುಗಿಸಿದ ಹಾಗೆ ಮಾಡಿ
ಚೆಸ್ಟ್‌ನಟ್ ತೋಪಿನ ಬದಿಯ ಮಣ್ಣುಹಾದಿಗೆ ಇಳಿಸಿಬಿಟ್ಟೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ.
ನಲವತ್ತು ವರ್ಷ ಈ ಗುಡ್ಡಗಳಲ್ಲಿ ಮೀನು ಮಾರಿದವನು ನೀನು.
ಯಾವ ತಿರುವಿನಲ್ಲಿ ಕೆಸರು, ಯಾರ ನಾಯಿ ಟೈರು ಕಚ್ಚುತ್ತದೆ,
ಯಾರ ಮನೆಯ ಸಾಲ ಎಂದೂ ತೀರುವುದಿಲ್ಲ,
ಎಲ್ಲ ತಲೆಯೊಳಗೇ ಇದೆ.
ಬಾಯಲ್ಲಿ ಉಳಿದದ್ದು ಒಂದೇ ಮಾತು:
"ಉಪ್ಪು."
ನೀರಿಗೂ ಉಪ್ಪು, ನರ್ಸಿಗೂ ಉಪ್ಪು, ನನಗೂ ಉಪ್ಪು.

ಪಾರಿವಾಳದ ಗೂಡಿನ ಹತ್ತಿರ ದಾರಿ ಕವಲಾಯಿತು.
"ಎಡಕ್ಕಾ?"
"ಉಪ್ಪು."
"ಬಲಕ್ಕಾ?"
"ಉಪ್ಪು!"
ಎರಡನೆಯದು ಕೊಂಚ ಖಾರವಾಗಿತ್ತು, ಬಲಕ್ಕೆ ಹೋದೆ.
ಅದು ಯಾರದೋ ದ್ರಾಕ್ಷಿ ತೋಟದ ಗೇಟಿಗೆ ಮುಗಿಯಿತು.
ರಿವರ್ಸು ನನಗೆ ಬರುವುದಿಲ್ಲ, ನಿನಗೆ ಗೊತ್ತು.
ಕಲ್ಲುಗೋಡೆಗೆ ಹಿಂದಿನ ದೀಪವೊಂದನ್ನು ಬಲಿಕೊಟ್ಟು ಹೊರಬಂದೆ.

ಆಮೇಲೆ ಒಂದು ಊರು. ಹತ್ತು ಹನ್ನೆರಡು ಮನೆ,
ಎಲ್ಲ ಬಾಗಿಲೂ ಮುಚ್ಚಿ, ಮೂರು ದಾರಿ ತೆರೆದು.
ಪಡುವಣ ಯಾವುದೆಂದು ಕೇಳಲು ಸೂರ್ಯನೂ ಇಲ್ಲ.
ಎಂಜಿನ್ ಆರಿಸಿದೆ. ಅಳಲಿಲ್ಲ,
ಕನ್ನಡಕದ ಬೂದಿ ಒರೆಸಿದೆ, ಅಷ್ಟೇ.

ಆಗ ನಿನ್ನ ಎಡಗೈ, ಜೀವವಿದ್ದ ಆ ಒಂದು ಕೈ,
ನನ್ನ ತೋಳಿನಡಿಯಿಂದ ತೂರಿ ಬಂದು
ಹಾರ್ನು ಒತ್ತಿತು.
ಎರಡು ಗಿಡ್ಡ, ಒಂದು ಉದ್ದ.

ಮೊದಲು ಬಂದದ್ದು ಬೆಕ್ಕುಗಳು.
ಟ್ರಾಕ್ಟರಿನಡಿಯಿಂದ, ಹೆಂಚಿನ ಮೇಲಿನಿಂದ, ಒಲೆಯ ಗೂಡಿನಿಂದ,
ಏಳೋ ಎಂಟೋ, ಸರದಿಗೆಂಬಂತೆ ಚಕ್ರದ ಸುತ್ತ ಕೂತವು.
ಆಮೇಲೆ ಒಂದು ಬಾಗಿಲು,
ಬಾಗಿಲಲ್ಲಿ ತಟ್ಟೆ ಹಿಡಿದ ಹೆಂಗಸು.
"ಇವತ್ತು ಗುರುವಾರ ಅಲ್ಲವಲ್ಲ, ಅಬೀಲಿಯೊ?"
ನನ್ನನ್ನು ಕಂಡಳು. ತಟ್ಟೆ ಬೆನ್ನ ಹಿಂದೆ ಹೋಯಿತು.
"ಓ. ನೀವು ಒಟೀಲಿಯ. ನಾನು ಫೆಲಿಸ್ಮೀನ."
ನನ್ನ ಹೆಸರು ಅವಳ ಬಾಯಲ್ಲಿ
ಹೊಳೆಗಲ್ಲಿನಂತೆ ಸವೆದು ನುಣುಪಾಗಿತ್ತು.

"ದಾರಿ ಕೇಳಬೇಕೇ? ನಮ್ಮ ಹಿತ್ತಿಲಿನದೇ.
ಕಣ ದಾಟಿ, ತೊಟ್ಟಿಯ ಹತ್ತಿರ ಇಳಿದರೆ ಹಳ್ಳ, ಈಗ ಒಣಗಿದೆ.
ಇಪ್ಪತ್ತು ನಿಮಿಷಕ್ಕೆ ನಿಮ್ಮೂರಿನ ಗೋರಿಗಳು ಕಾಣುತ್ತವೆ.
ಅವನು ಯಾವಾಗಲೂ ಹಾಗೇ ಹೋಗುತ್ತಿದ್ದದ್ದು."

ಇಪ್ಪತ್ತು ನಿಮಿಷ.
ನಲವತ್ತು ವರ್ಷದ ಗುರುವಾರಗಳಂದು
ಸಾರನ್ನು ಮೂರು ಮೂರು ಸಲ ಬಿಸಿ ಮಾಡಿ ಕಾದಿದ್ದೇನೆ.
"ದಾರಿ ದೂರ ಕಣೇ" ಅನ್ನುತ್ತಿದ್ದೆ.

ಅವಳು ಕಿಟಕಿಗೆ ಬಾಗಿ
ನಿನ್ನ ಗಲ್ಲದ ಜೊಲ್ಲನ್ನು ಏಪ್ರನ್ನಿನ ಚುಂಗಿನಿಂದ ಒರೆಸಿದಳು,
ನನ್ನನ್ನು ಕೇಳಲಿಲ್ಲ.
ನೀನು ಅಂದೆ: "ಉಪ್ಪು."
ಹನ್ನೊಂದು ದಿನದಿಂದ ಕೇಳುತ್ತಿದ್ದೇನೆ ಈ ಮಾತು,
ಇದನ್ನು ಮಾತ್ರ ಕೇಳಿರಲಿಲ್ಲ.

ಕಣ. ತೊಟ್ಟಿ. ಹಳ್ಳ.
ಒಂದು ಬೆಕ್ಕು ಹಳ್ಳದವರೆಗೂ ಓಡಿಬಂತು.
ಎದುರು ಗುಡ್ಡದಲ್ಲಿ ಬೆಂಕಿ, ಈಚೆಗೆ ಗೋರಿಗಳ ಬಿಳುಪು,
ಅದರ ಕೆಳಗೆ ನಮ್ಮ ಸೂರು, ಇದ್ದ ಹಾಗೇ.
ಮೂರನೇ ಗೇರು ತಾನಾಗಿ ಬಿತ್ತು.
"ಉಪ್ಪು," ಅಂದೆ ನೀನು, ಮೆಲ್ಲಗೆ.
"ಗೊತ್ತಾಯಿತು ಬಿಡು," ಅಂದೆ ನಾನು.

ಮನೆಗೆ ಹೋಗಿ ಸಾರು ಮಾಡಬೇಕು.
ಇವತ್ತು ಒಂದೇ ಸಲ ಬಿಸಿ ಮಾಡಿದರೆ ಸಾಕು.