ಹದಿನೈದನೆಯ ಸಾಲು

ಟಾಂಗಾ ಕೂಟದ ಹಿಂದಿನ ಓಣ್ಯಾಗ, ಮ್ಯಾಲಿನ ಮಹಡಿ.
ಹೂಲಿ ಮಾಸ್ತರರ ಟೈಪಿಂಗ್ ಕ್ಲಾಸು.
ಎಂಟು ರೆಮಿಂಗ್ಟನ್, ಅದರಾಗ ಎರಡಕ್ಕ ‘ಇ’ ಇಲ್ಲ.
ಮತ್ತ ಮೂಲ್ಯಾಗ ಟವೆಲ್ ಹೊದ್ದು ಕೂತ
ಒಂದ ಒಂದು ಕಂಪ್ಯೂಟರ್.
ಚಪ್ಪಲಿ ಪಾವಟಿಗಿ ಮ್ಯಾಲ ಬಿಟ್ಟು, ಕಾಲು ತೊಳದು ಹೋಗಬೇಕು.
ದೇವರಿಗಲ್ಲ, ಧೂಳಿಗೆ ಹೆದರಿ.

ಅದಕ್ಕ ತನ್ನ ಮುಖ ಇರಲಿಲ್ಲ.
ಮಾಸ್ತರರ ಮನಿಯ ಕಪ್ಪು-ಬಿಳಿ ಟೀವಿಯೇ ಅದರ ಮುಖ.
ಐತಾರ ಮುಂಜಾನಿ ಧಾರಾವಾಹಿ ಹೊತ್ತಿಗೆ
ಅವರ ಹೆಂಡತಿ ಸೈಕಲ್ ಕಳಿಸತಿದ್ದರು.
ಕ್ಯಾರಿಯರ್‌ಗೆ ಹಗ್ಗ ಬಿಗಿಸಿಕೊಂಡು ಟೀವಿ ಮನಿಗಿ ಹೋಗತಿತ್ತು,
ಹನ್ನೊಂದಕ್ಕ ತಿರುಗಿ ಬರತಿತ್ತು.
ನಡುವಿನ ಆ ಎರಡು ತಾಸು
ನಮ್ಮ ಕಂಪ್ಯೂಟರ್ ಕುರುಡು.

“ಸಾಲಿಗೆ ನಂಬರ್ ಹಾಕ್ರಿ,” ಅಂತಿದ್ದರು ಮಾಸ್ತರು,
“ಹತ್ತು, ಇಪ್ಪತ್ತು, ಮೂವತ್ತು.
ಒಂದು ಎರಡು ಅಂತ ಒತ್ತೊತ್ತಿ ಕೂಡಿಸಬ್ಯಾಡ್ರಿ.
ಮರತದ್ದು ಆಮ್ಯಾಲ ನೆನಪಾಗಿ ಬಂದರ
ಕೂಡಾಕ ಜಾಗ ಬೇಕಲ್ಲ?”
ಊಟದ ಪಂಕ್ತಿಗೆ ಹೇಳಿದಂಗ ಹೇಳತಿದ್ದರು.

ಒಂದು ಐತಾರ ದಾವಲಬಿ ಅಂದಳು,
“ಮುಖ ಇಲ್ಲಂದ್ರ ಏನಾತು, ಕಿವಿ ಅದಾವಲ್ಲ ಅದಕ್ಕ?”
ನಾ ವಹಿ ಓದಿದೆ, ಆಕಿ ಒತ್ತಿದಳು
ಗ್ವಾಡಿ ನೋಡಕೋಂತ.
ಸುಮ್ಮನ ಗ್ವಾಡಿ. ಕ್ಯಾಲೆಂಡರ್ ಸುದ್ದಾ ಇರಲಿಲ್ಲ.
ಹತ್ತು: ಪ್ರಿಂಟ್, ಅದರ ಮುಂದ ಆಕಿ ಹೆಸರು.
ಇಪ್ಪತ್ತು: ಗೋಟೂ ಹತ್ತು.
ಅದು ಕೇಳಿಸಿಕೊಂತೋ ಇಲ್ಲೋ, ಯಾರಿಗೆ ಗೊತ್ತು.
ರನ್ ಅಂತ ಒತ್ತಿ, ಹೂಜಿ ನೀರು ಕುಡದು ಕೂತಿವಿ.

ಸೈಕಲ್ ಬಂತು. ಹಗ್ಗ ಬಿಚ್ಚಿ, ವೈರ್ ಚುಚ್ಚಿ,
ಚಾನಲ್ ತಿರುವಿ ತಿರುವಿ ಮಾಸ್ತರರ ಹೆಬ್ಬಟ್ಟು ಕೆಂಪಾಗಿ,
ನೊರಿ ನೊರಿ ಸರದು ಕಡೀಕ
ದಾವಲಬಿ ದಾವಲಬಿ ದಾವಲಬಿ
ಇಂಗ್ಲಿಷ್ ಅಕ್ಷರದಾಗ, ಕೆಳಗ ಹುಟ್ಟಿ ಮ್ಯಾಲ ಜಾರಿ.
ನಾವು ನೀರು ಕುಡಿಯೂ ಮುಂದನೂ
ಯಾರೂ ನೋಡದಾಗನೂ
ಅದು ಆಕಿನ್ನ ಕರಕೋಂತನ ಇತ್ತು.

ಮಾಸ್ತರು ನಿಲ್ಲಸಾಕ ಕೈ ಒಯ್ದರು.
“ಇರಲಿ ಬಿಡ್ರಿ ಸರ್,” ಅಂದಳು ಸಣ್ಣಗ.
ರೇಷನ್ ಕಾರ್ಡಿನಾಗ ಆಕಿ ಹೆಸರು ತಪ್ಪು,
ಸಾಲಿ ದಾಖಲೆದಾಗ ಬ್ಯಾರೆ ತಪ್ಪು,
ಇಲ್ಲಿ ಸಾವಿರ ಸಲ, ಒಂದಕ್ಷರ ಸೊಟ್ಟ ಇಲ್ಲ.

ಕರೆಂಟ್ ಹೋತು.
ಗಾಜಿನ ನಡುವ ಒಂದು ಬಿಳಿ ಚುಕ್ಕಿ. ಅದೂ ಹೋತು.
ಉಳಿಸಾಕ ಬೇಕಾದ ಕ್ಯಾಸೆಟ್ ಕಪಾಟಿನಾಗ,
ಕಪಾಟಿನ ಕೀಲಿ ಮಾಸ್ತರರ ಉಡದಾರಕ್ಕ.

ಆಮ್ಯಾಲ ಡಾಸ್ ಬಂತು, ಫ್ಲಾಪಿ ಬಂದವು,
ಸಿ ಅಂತ ಅಂದು ಸುಮ್ಮನ ಮಿಣುಕೂ ಹಸಿರು ಗೆರಿ.
ಕಿಡಕಿ ಬಂದವು, ಇಲಿ ಬಂತು.
ನಾ ತಹಸೀಲ್ದಾರ ಕಚೇರ್ಯಾಗ ಇನ್ನೂ ಪಹಣಿ ಹೊಡೀತೇನಿ.
ದಾವಲಬಿ ಲಕ್ಷ್ಮೇಶ್ವರದಾಗ ಝೆರಾಕ್ಸ್ ಇಟ್ಟಾಳಂತ,
ಕಾರ್ಡಿನ ಮ್ಯಾಲಿನ ಹೆಸರು ತಿದ್ದಿ ಕೊಡತಾಳಂತ.

ಮೊನ್ನೆ ಟ್ರಂಕಿನಾಗ ಆ ವಹಿ ಸಿಕ್ತು.
ಹತ್ತಕ್ಕೂ ಇಪ್ಪತ್ತಕ್ಕೂ ನಡುವ
ನಾ ಅವತ್ತು ಓದಿ ಹೇಳದ ಸಾಲೊಂದು,
ಆಕಿ ಅಕ್ಷರ, ಪೆನ್ಸಿಲ್. ಹದಿನೈದು: ರೆಮ್.
ರೆಮ್ ಅಂದರ ಮಷೀನು ಓದದ ಸಾಲು.
ನೋಡಿಯೂ ನೋಡದಂಗ ದಾಟಿ ಹೋಗತೈತಿ.
ಮಂದಿ ಮಂದಿಗೆ ಬರದಿಟ್ಟದ್ದು.

ಹದಿನೈದು ರೆಮ್ ನನ್ನ ಛತ್ರಿ ಒಯ್ದಾಕಿ ನೀನ, ತಂದು ಕೊಡು.

ಛತ್ರಿ ಐತಿ ಇನ್ನೂ. ಒಂದು ಕಡ್ಡಿ ಮುರದೈತಿ.