ಜುರೇಮಾಳ ಹೋಂವರ್ಕ್

ನಡುವೆ ಗೆರೆ ಎಳೆದು ಕೂತಿದ್ದಾಳೆ ಮೊಮ್ಮಗಳು ಜುರೇಮಾ.
ಎಡಕ್ಕೆ ತೊರಕೆ, ಬಲಕ್ಕೆ ಮುಕೂರ.
ಸೋಮವಾರದೊಳಗೆ ಹತ್ತು ವ್ಯತ್ಯಾಸ ಬೇಕಂತೆ.
ಒಂದು ನೀರಲ್ಲಿ, ಒಂದು ಮರದಲ್ಲಿ, ಎರಡಾಯಿತಲ್ಲ ಅಜ್ಜಿ?
ಒಂದೇ ಕಣೆ, ಎರಡು ಸಲ ಎಣಿಸಬೇಡ.

ತಪಜೋಸ್ ಇಳಿದಿದೆ, ಮರಳು ಮೇಲೆದ್ದಿದೆ.
ಈ ತಿಂಗಳು ನಾವು ಹೊಳೆಯಲ್ಲಿ ಹೆಜ್ಜೆ ಎತ್ತುವುದಿಲ್ಲ,
ಎಳೆಯುತ್ತೇವೆ, ಮುದುಕರ ಹಾಗೆ, ಮಕ್ಕಳೂ.
ಮರಳೇ ಆಗಿ ಮಲಗಿರುತ್ತದೆ ತೊರಕೆ,
ಮೈತುಂಬ ಹಳದಿ ಬೊಟ್ಟು.
ತಾಗಿದರೆ ಸರಿದುಕೊಳ್ಳುತ್ತದೆ.
ನಾನು ತುಳಿದೆ, ಹದಿನೇಳರಲ್ಲಿ.
ಈ ಹಿಮ್ಮಡಿ ನೋಡು,
ಮಳೆ ಬರುವುದನ್ನು ಇಂದಿಗೂ ಮೊದಲು ಹೇಳುವುದು ಇದೇ.

ಮುಕೂರದ ಮಾತು ನಿನ್ನ ತಾತ ಡೆಯೋಕ್ಲೇಸಿಯೊ ಹೇಳಬೇಕಿತ್ತು.
ರಾತ್ರಿ ಎರಡಕ್ಕೆ, ಮೂರು ಕೋಳಿಯ ಕತ್ತು ಮುರಿದು,
ಲಾಟೀನಿಗೆ ಹಲ್ಲು ಕಿಸಿದು ನಿಂತಿತ್ತು.
ಸತ್ತ ಹಾಗೆ ನಟಿಸುತ್ತದೆ ಅನ್ನುತ್ತದೆಯೇ ನಿನ್ನ ಪುಸ್ತಕ?
ನಮ್ಮದು ನಟಿಸಲಿಲ್ಲ.
ದೋಣಿಯ ಹುಟ್ಟಿನಿಂದ ಒಂದೇ ಏಟು.

ಬೆಳಗ್ಗೆ ಎಸೆಯಲೆಂದು ಬಾಲ ಹಿಡಿದೆತ್ತಿದೆ,
ಹೊಟ್ಟೆಯ ಚೀಲ ಅಲುಗಿತು.
ಬೆರಳಿಟ್ಟು ಬಿಡಿಸಿದರೆ ಏಳು ಮರಿ,
ಅಲಸಂದೆ ಕಾಳಿನಂಥವು, ಕಣ್ಣು ಮೂಡಿಲ್ಲ,
ಸತ್ತವಳ ಮೊಲೆ ಬಿಡದೆ.
ಈ ದಂಡೆಯಲ್ಲಿ ಇನ್ನೂರ ಹನ್ನೊಂದು ಹೊಕ್ಕುಳು ಕತ್ತರಿಸಿದವಳು ನಾನು.
ಚೀಲ ಮುಚ್ಚಿದೆ.
ತೆರೆದೆ.
ಮುಚ್ಚಿದೆ.

ಅದೇ ವಾರ ಬಲೆಗೆ ತೊರಕೆ ಬಿತ್ತು.
ದೋಣಿಯ ತಳದಲ್ಲಿ ಒದ್ದಾಡುತ್ತಲೇ ಹೆತ್ತಿತು ಮೂರು,
ಅಂಗೈಯಗಲ, ಬೊಟ್ಟು ಇಟ್ಟುಕೊಂಡು, ಮುಳ್ಳು ಸಮೇತ,
ಯಾರ ಹಂಗೂ ಇಲ್ಲದ ಹಾಗೆ.
ಒಳಗೇ ಹಾಲೂಡಿಸಿ ಕಳಿಸುತ್ತದಂತೆ, ನಿಮ್ಮ ಟೀಚರ್ ಎವೆಲಿನಾ ಹೇಳಿದ್ದು.
ಕತ್ತಿ ಎತ್ತಿದ ತಾತನ ಕೈ ಹಿಡಿದೆ.
ಯಾಕೆಂದು ಅವನೂ ಕೇಳಲಿಲ್ಲ.
ಮೂರನ್ನೂ ನೀರಿಗೆ ಬಿಟ್ಟೆವು.
ತಾಯಿಯನ್ನು?
ಸಾರು ಮಾಡಿದೆವು, ಸುಳ್ಳೇಕೆ.

ಬರಕೋ: ಒಬ್ಬಳು ಪೂರ್ತಿ ಮಾಡಿ ಹೆರುತ್ತಾಳೆ,
ಇನ್ನೊಬ್ಬಳು ಹೆತ್ತ ಮೇಲೆ ಬಸುರಾಗುತ್ತಾಳೆ.
ಮಿಕ್ಕ ಒಂಬತ್ತು ನೀನೇ ಹುಡುಕು, ನನಗೆ ಒಲೆಯ ಕೆಲಸವಿದೆ.

ಅಂದ ಹಾಗೆ, ನಿನ್ನಮ್ಮ ಏಳು ತಿಂಗಳಿಗೇ ಬಂದವಳು.
ಆಸ್ಪತ್ರೆಗೆ ದೋಣಿಯಲ್ಲಿ ಒಂದೂವರೆ ದಿನ, ಹೋಗಲಿಲ್ಲ.
ಹತ್ತಿಯಲ್ಲಿ ಸುತ್ತಿ ನನ್ನ ಅಂಗಿಯೊಳಗೆ ಕಟ್ಟಿಕೊಂಡು
ಎರಡು ತಿಂಗಳು ಕೂತೇ ನಿದ್ದೆ ಮಾಡಿದೆ.
ಅದನ್ನು ಗೆರೆಯ ಯಾವ ಕಡೆ ಬರೆಯುತ್ತೀ?

ಪೆನ್ಸಿಲ್ ಚೂಪು ಮಾಡುತ್ತಿದ್ದಾಳೆ ಜುರೇಮಾ,
ಈಗಾಗಲೇ ಚೂಪಾಗಿರುವುದನ್ನು.